ಇದ್ದತ್ತಿನ ಕೋಣೆಗೆ ಬಂದ ಸುದ್ದಿ

“ತಿನ್ನು! ನನ್ನ ಮಗನ್ನ ತಿಂದಿ, ಇನ್ನ ಈ ರೊಟ್ಟೀನೂ ತಿನ್ನು!”

ಗೌಹರಬೇಗಂ ತಟ್ಟೆಯನ್ನು ಪರದೆಯ ಕೆಳಗಿನಿಂದ ಒಳಕ್ಕೆ ತಳ್ಳಿದಳು. ಪಲ್ಯ ಚೆಲ್ಲಿ ಚಾಪೆಗೆ ಹತ್ತಿತು. ಆ ಮನೆಯ ಮಾತು ಉರ್ದು. ಆದರೆ ಬೈಯುವುದಕ್ಕೆ ಮಾತ್ರ ಅವಳಿಗೆ ಯಾದಗಿರಿಯ ಕನ್ನಡವೇ ಬೇಕು. ಓಣಿಯ ಮಂದಿಗೂ ತಿಳಿಯಬೇಕಲ್ಲ! ಒಳಗೆ ಗೋಡೆಗೆ ಒರಗಿ ಕೂತಿದ್ದ ಸೊಸೆ ಅಂಬರೀನ ಚೆಲ್ಲಿದ ಪಲ್ಯವನ್ನು ಬಳಿದು ತಟ್ಟೆಗೆ ಹಾಕಿದಳು. ಗಂಡ ಏಜಾಜ ತೀರಿಕೊಂಡ ದಿನದಿಂದ ಆ ಕೋಣೆಯೇ ಅವಳ ಲೋಕ. ಇದ್ದತ್ತು ಮುಗಿಯುವ ತನಕ, ಅಂದರೆ ನಾಲ್ಕು ತಿಂಗಳು ಹತ್ತು ದಿನ, ಅವಳು ಹೊಸಿಲು ದಾಟುವಂತಿಲ್ಲ, ಪರಗಂಡಸರಿಗೆ ಮುಖ ತೋರಿಸುವಂತಿಲ್ಲ. ದುಃಖ ಹೇಳಿಕೊಳ್ಳಲು ಇದ್ದವಳು ಅತ್ತೆ ಒಬ್ಬಳೇ. ಅವಳೇ ಹೀಗಾದರೆ... ಇನ್ನು ಗೋಡೆಯೇ ಗತಿ.

ಏಜಾಜ ಕಡೇಚೂರಿನ ಒಂದು ಫ್ಯಾಕ್ಟರಿಯಲ್ಲಿ ಎತ್ತರದ ಮೆಟ್ಟಿಲಿನ ಮೇಲಿಂದ ಬಿದ್ದು ಸತ್ತಿದ್ದ. ಸುದ್ದಿ ತಂದ ಫ್ಯಾಕ್ಟರಿಯ ಸಾಹೇಬರು ಅಂಗಳದಲ್ಲೇ ನಿಂತು, ಮಾವ ಮಕ್ತುಮಸಾಬನ ಹೆಗಲ ಮೇಲೆ ಕೈಯಿಟ್ಟು, “ಕೆಲಸದಲ್ಲಿದ್ದಾಗ ಫೋನ್ ಬಂತು. ಲಕ್ಷ್ಯ ಅತ್ತ ಹೋಯ್ತು, ಕಾಲು ಜಾರ್ತು” ಎಂದು ಹೇಳಿ ಕಾರು ಹತ್ತಿದರು. ಗಂಡಸರಿಗೆ ಹೇಳಿದರೆ ಮನೆಗೆಲ್ಲ ಹೇಳಿದಂತೆ ಎಂದು ಅವರ ಲೆಕ್ಕ. ಮಾವ ಅದನ್ನು ಅತ್ತೆಗೆ ಹೇಳಿದ. ಅತ್ತೆಯ ಬಾಯಿಂದ ಓಣಿಗೆ ಬರುವಷ್ಟರಲ್ಲಿ ಆ ಫೋನು ಸೊಸೆಯದಾಗಿತ್ತು!

ಯಾಕಾಗಬಾರದು? ಆ ಮಧ್ಯಾಹ್ನ ಅಂಬರೀನ ಗಂಡನ ಜೊತೆ ಫೋನಿನಲ್ಲಿ ಮಾತಾಡಿ ನಗುತ್ತಿದ್ದುದನ್ನು ಅತ್ತೆ ಕಣ್ಣಾರೆ ಕಂಡಿದ್ದಳು. “ಆಮ್ಯಾಲೆ ನಾನೂ ಮಾಡಿದ್ದೆ. ಎತ್ತಲೇ ಇಲ್ಲ ನನ್ನ ಕೂಸು! ಅಷ್ಟೊತ್ತಿಗೆ ಇಕಿ ಕೊಂದು ಕುಂತಿದ್ಲು!” ಎಂದು ಬಂದವರ ಮುಂದೆಲ್ಲ ಎದೆ ಬಡಿದುಕೊಳ್ಳುತ್ತಿದ್ದಳು. ದಿನವಿಡೀ ಎಲೆ ಅಡಿಕೆ ಹಾಕುತ್ತಿದ್ದವಳು ಅಂದಿನಿಂದ ಪಾನದ ಡಬ್ಬಿ ಮುಟ್ಟಿರಲಿಲ್ಲ. ಎಲೆ ತರುತ್ತಿದ್ದ ಮಗನೇ ಇಲ್ಲವಲ್ಲ... ಏಜಾಜನ ಫೋನೂ ಅವನ ಜೊತೆ ಬಿದ್ದು ಚೂರಾಗಿತ್ತು. ಕೇಳಿ ಕೇಳಿ ಅಂಬರೀನಳಿಗೂ ಅದೇ ನಿಜ ಅನ್ನಿಸತೊಡಗಿತು. ನಾನೇ ಕೊಂದೆನೇ? ಯಾ ಅಲ್ಲಾ, ನಾನೇ...? ನೀನಲ್ಲ ಎನ್ನುವ ಒಂದು ಜೀವ ಆ ಮನೆಯಲ್ಲಿ ಇರಲಿಲ್ಲ.

ಕಾರ್ಮಿಕ ಸಂಘದ ಗಂಡಸರು ಒಂದೆರಡು ಸಲ ಬಂದರೂ ಅಂಗಳದಿಂದಲೇ ತಿರುಗಿ ಹೋಗಿದ್ದರು. ಕೊನೆಗೆ ಅವರಿಗೆ ಬುದ್ಧಿ ಬಂದು, ಅದೇ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ ಮಾಡುವ ಮೌನಮ್ಮನನ್ನು ಕಳಿಸಿದರು. ಹೆಂಗಸನ್ನು ತಡೆಯುವಂತಿಲ್ಲ. ಗೌಹರಬೇಗಂ ಮುಖ ಗಂಟಿಕ್ಕಿಕೊಂಡು, ಕೊಡ ಹಿಡಿದು ಓಣಿಯ ನಳಕ್ಕೆ ಹೋದಳು.

ಮೌನಮ್ಮ ಪರದೆ ಸರಿಸಿ ಒಳಗೆ ಬಂದು ಚಾಪೆಯ ಮೇಲೆ ಕೂತಳು. “ತಂಗೀ, ಅವತ್ತು ನಾ ಕೆಳಗೇ ನಿಂತಿದ್ದೆ. ಕಂಡದ್ದು ಹೇಳಾಕ ಬಂದೇನಿ.”

“ಅವರಿಗೆ... ಭಾಳ ತ್ರಾಸ ಆತೇನ್ರಿ ಅಕ್ಕಾ?”

“ಇಲ್ಲವ್ವ. ಬಿದ್ದ, ಹೋದ. ನರಳಲಿಲ್ಲ. ಓಡಿಹೋಗಿ ತಲಿ ತೊಡಿಮ್ಯಾಲೆ ಇಟ್ಕೊಂಡಾಕಿ ನಾನೇ.”

ಅಂಬರೀನ ಆ ತೊಡೆಯನ್ನೇ ನೋಡಿದಳು. ಆಮೇಲೆ ಅದರ ಮೇಲೆಯೇ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. “ಫೋನು ಮಾಡಿ ಕೊಂದಾಕಿ ನಾನೇ ಅಲ್ರಿ ಅಕ್ಕಾ...!”

“ಯಾರಂದ್ರು? ನಿನ್ನ ಫೋನು ಬಂದದ್ದು ಊಟದ ಹೊತ್ತಿನ್ಯಾಗ. ನಮ್ಮ ಮುಂದೇ ಮಾತಾಡಿ ಇಟ್ಟ. ಕೊಂದದ್ದು ಫೋನಲ್ಲವ್ವ! ಮ್ಯಾಲೆ ಹಿಡಕೊಳ್ಳಾಕ ಕಂಬಿ ಇರ್ಲಿಲ್ಲ. ರಿಪೇರಿ ಅಂತ ಬಿಚ್ಚಿದವರು ತಿರುಗಿ ಹಚ್ಚಲೇ ಇಲ್ಲ. ಸಂಘದವ್ರು ಕೇಸು ಹಾಕ್ಯಾರ. ನಾನೂ ಸಾಕ್ಷಿ ಹೇಳ್ತೇನಿ.”

“ಹಂಗಾದ್ರ ಫೋನೇ ಬಂದಿರ್ಲಿಲ್ಲೇನ್ರಿ?”

ಮೌನಮ್ಮ ದನಿ ತಗ್ಗಿಸಿದಳು. “ಬಂದಿತ್ತು. ಕಿಸೇದಿಂದ ತೆಗದು ನೋಡಿ ನಕ್ಕ. ‘ಅಮ್ಮಿ! ಎಲಿ ತಾ ಅನ್ನಾಕ ಮಾಡ್ಯಾಳ. ಇಳದು ಮಾತಾಡ್ತೇನಿ’ ಅಂತ ಮ್ಯಾಲಿಂದ ನನಗ ಕೂಗಿ ಅಂದ. ಒಂದು ಹೆಜ್ಜಿ ಹಿಂದಕ್ಕ ಇಟ್ಟ... ಅಷ್ಟೇ.”

ನಾನಲ್ಲ! ಅಂಬರೀನಳ ಎದೆಯ ಮೇಲಿನ ಕಲ್ಲು ಇಳಿಯಿತು. ಹೊಸಿಲು ದಾಟಿ ಓಡಿಹೋಗಿ, ನಳದ ಹತ್ತಿರ ನಿಂತ ಹೆಂಗಸರಿಗೆಲ್ಲ ಕೇಳುವಂತೆ ಕೂಗಬೇಕು ಅನ್ನಿಸಿತು. ಅಷ್ಟರಲ್ಲೇ ಮುಚ್ಚಳದ ಮೇಲೆ ಧೂಳು ಕೂತ ಆ ಪಾನದ ಡಬ್ಬಿ ನೆನಪಾಯಿತು.

“ಈ ಮಾತು ನಿಮ್ಮತ್ತಿಗೆ ನಾ ಹೇಳ್ಲೇನು?”

“ಬ್ಯಾಡ್ರಿ ಅಕ್ಕಾ! ಸಾಕ್ಷಿ ಹೇಳುವಾಗೂ ಕಂಬಿ ಮಾತಷ್ಟೇ ಹೇಳ್ರಿ, ಅಮ್ಮಿ ಹೆಸರು ಎತ್ತಬ್ಯಾಡ್ರಿ.”

“ಅಕಿ ನಿನ್ನ ಹರಕೊಂಡು ತಿನ್ನಾಕತ್ತಾಳಲ್ಲೇ!”

“ನಾ ತಡಕೊಂತೇನ್ರಿ. ಅವರು ತಡಕೊಳ್ಳಂಗಿಲ್ಲ.”

ಮೌನಮ್ಮ ಕಣ್ಣೊರೆಸಿಕೊಂಡು, ಅಂಬರೀನಳ ತಲೆ ಸವರಿ ಎದ್ದುಹೋದಳು. ಕೋಣೆ ಮತ್ತೆ ಖಾಲಿಯಾಯಿತು.

ಸಂಜೆ ಪರದೆಯಾಚೆ ಹೆಜ್ಜೆ ಬಂದು ನಿಂತಿತು. ತಟ್ಟೆ ಮಾತ್ರ ಒಳಗೆ ಬರಲಿಲ್ಲ. ಗೌಹರಬೇಗಂ ನೆಲಕ್ಕೆ ಕೂತ ಸದ್ದಾಯಿತು. ಈ ಸಲ ಕೇಳಿದ್ದು ಉರ್ದುವಿನಲ್ಲಿ, ಓಣಿಗೆ ಕೇಳದಷ್ಟು ಮೆಲ್ಲಗೆ.

“ಆಕಿ... ಏನಂದ್ಲು?”

“ಮ್ಯಾಲೆ ಕಂಬಿ ಇರ್ಲಿಲ್ಲಂತ, ಅಮ್ಮಿ. ಬಿಚ್ಚಿದವರು ಹಚ್ಚಿರ್ಲಿಲ್ಲಂತ. ಅವರು ನರಳಲಿಲ್ಲಂತ.”

“ಕಡೀಗೆ... ಏನರ ಅಂದ್ನಂತಾ?”

“‘ಅಮ್ಮಿ’ ಅಂದ್ರಂತ.”

ಪರದೆಯಾಚೆ ಮುದುಕಿ ಬಾಯಿಗೆ ಸೆರಗು ತುರುಕಿಕೊಂಡು ಅಳತೊಡಗಿದಳು. ಇಷ್ಟು ದಿನದ ಎದೆ ಬಡಿತದಲ್ಲಿ ಇಲ್ಲದ ಅಳು ಅದು. ಬಹಳ ಹೊತ್ತಿನ ಮೇಲೆ ಮತ್ತೆ ದನಿ ಬಂತು. ಅದರಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು.

“ಮತ್ತ ಆ ಫೋನು...? ಅದು ಯಾರ್ದಿತ್ತು?”

ಅಂಬರೀನ ಕಣ್ಣು ಮುಚ್ಚಿಕೊಂಡಳು.

“ನಂದೇ, ಅಮ್ಮಿ.”

ಬೈಗುಳ ಬರಲಿಲ್ಲ. ಪರದೆಯ ಅಂಚು ಮೇಲೆದ್ದಿತು. ಬಳೆಯಿಲ್ಲದ ಸೊಸೆಯ ಮುಂದೆ ಸುಕ್ಕುಗಟ್ಟಿದ ಕೈಯೊಂದು ತಟ್ಟೆಯನ್ನು ಮೆಲ್ಲಗೆ ಇಟ್ಟಿತು.

“ತಿನ್ನು. ರೊಟ್ಟಿ ಆರತಾವ.”

ಪರದೆ ಇಳಿಯಿತು. ಅಂಬರೀನ ಒಬ್ಬಳೇ ಕೂತು ರೊಟ್ಟಿ ಮುರಿದಳು.