ಕ್ರಿಫೊ ಕೊಲ್ಲಿಯ ಗೇಟು

ಹೆಣವನ್ನು ಮೊದಲು ಕಂಡವರು ಬೆಲ್ಜಿಯಂನಿಂದ ರಜೆಗೆ ಬಂದಿದ್ದ ಗಂಡ ಹೆಂಡತಿ. ಜನರಿಲ್ಲದ ಕಡಲತೀರ ಬೇಕೆಂದು ಬೆಳಕು ಹರಿಯುವ ಮೊದಲೇ ಹೊರಟಿದ್ದರು. ತೀರ ಸಿಕ್ಕಿತು. ಜನರಿರಲಿಲ್ಲ. ಒಬ್ಬನಿದ್ದ. ಅವನು ಮತ್ತೆ ಏಳುವಂತಿರಲಿಲ್ಲ.

ಫೋನ್ ಬಂದಾಗ ಸಾರ್ಜೆಂಟ್ ಎವಾಂಥಿಯಾ ಮಕ್ಕಳಿಗೆ ಹಾಲು ಕಾಯಿಸುತ್ತಿದ್ದಳು. ಒಲೆ ಆರಿಸಿ, ಅಮ್ಮನಿಗೆ ಕೂಗಿ ಹೇಳಿ, ಜೀಪು ಹತ್ತಿದಳು. ನಮ್ಮ ಲಿಗಾರಿಯಾ ದ್ವೀಪಕ್ಕೆ ಪೊಲೀಸ್ ಅಂದರೆ ಅವಳೇ. ಒಬ್ಬ ಪೇದೆ ಇದ್ದಾನೆ. ಆಗಸ್ಟ್‌ನಲ್ಲಿ ಅವನಿಗೂ ರಜೆ.

ಟಾರು ರಸ್ತೆ ಸಂತ ಸೋಸ್ತಿಸ್‌ನ ಪುಟ್ಟ ಚರ್ಚಿನ ಬಳಿ ಮುಗಿಯುತ್ತದೆ. ಅಲ್ಲಿಂದ ಕೆಳಕ್ಕೆ ಕಾಲುದಾರಿ. ಮೊದಲು ಮೇಕೆಗಳು ಮೇಯುವ ಇಳಿಜಾರು. ಆಮೇಲೆ ಒಂದು ಮರದ ಗೇಟು. ಗೇಟಿನ ಕೆಳಗೆ ಅರ್ಗಿರೋ ಅಜ್ಜಿಯ ದ್ರಾಕ್ಷಿ ತೋಟ. ಕೊನೆಗೆ ಕ್ರಿಫೊ ಕೊಲ್ಲಿ. ಎರಡು ಬಂಡೆಗಳ ನಡುವೆ ಅಂಗೈಯಗಲ ಮರಳು. ಬಾಡಿಗೆ ಕುರ್ಚಿ ಇಲ್ಲ, ಬಣ್ಣದ ಕೊಡೆ ಇಲ್ಲ. ಅಜ್ಜಿಯ ದೋಣಿ ಒಂದು, ಗುಡಿಸಲು ಒಂದು. ಬಂದವರಿಗೆ ಕಾಫಿ, ಒಣರೊಟ್ಟಿ, ಅಂಜೂರ ಕೊಡುತ್ತಾಳೆ. ಕಸ ಹಾಕಿದವರಿಗೆ ಬೈಗುಳ.

ಸತ್ತವನು ಸ್ತ್ರಾತಿಸ್. ಅಥೆನ್ಸಿನವನು. ದ್ವೀಪದಿಂದ ದ್ವೀಪಕ್ಕೆ ಅಲೆದು, ಯಾರೂ ಹೋಗದ ತೀರಗಳ ಬಗ್ಗೆ ಪ್ರವಾಸಿ ಪುಸ್ತಕ ಬರೆಯುವವನು. ಅವನು ಬರೆದ ಮೇಲೆ ಅಲ್ಲಿಗೆ ಎಲ್ಲರೂ ಹೋಗುತ್ತಾರೆ.

"ಹಿಂದಿನಿಂದ ಹೊಡೆದಿದ್ದಾರೆ," ಅಂದ ಡಾಕ್ಟರು. "ನಿನ್ನೆ ಸೂರ್ಯ ಮುಳುಗೋ ಹೊತ್ತಿಗೆ ಇರಬೇಕು."

ಹೊಡೆದದ್ದು ಯಾವುದರಿಂದ ಎಂದು ಹುಡುಕಬೇಕಾಗಲಿಲ್ಲ. ನೀರಿನಂಚಿನಲ್ಲಿ ನೀಲಿ ಬಣ್ಣದ ಹುಟ್ಟು ಬಿದ್ದಿತ್ತು. ಅಲಗು ಸೀಳಿಹೋಗಿತ್ತು. ಸೀಳಿನಲ್ಲಿ ಕೂದಲು ಸಿಕ್ಕಿಕೊಂಡಿತ್ತು. ಯಾರೋ ಅದನ್ನು ಸಮುದ್ರಕ್ಕೆಸೆದಿದ್ದರು. ಮೆಲ್ತೇಮಿ ಗಾಳಿ ಉತ್ತರದಿಂದ ಬೀಸಿ, ಅದನ್ನು ಮತ್ತೆ ದಡಕ್ಕೆ ತಂದುಹಾಕಿತ್ತು.

ಹುಟ್ಟು ಅರ್ಗಿರೋ ಅಜ್ಜಿಯ ದೋಣಿಯದು.

*

ಊರಿಗೆ ಊರೇ ಕೇಳಿಸಿಕೊಂಡಿದ್ದ ಮಾತೊಂದಿತ್ತು. ಕೊಲೆಯ ಹಿಂದಿನ ದಿನ ಕಾಫಿ ಅಂಗಡಿಯ ಮುಂದೆ ಅಜ್ಜಿ ಸ್ತ್ರಾತಿಸ್‌ನನ್ನು ತಡೆದು ನಿಲ್ಲಿಸಿದ್ದಳು. "ಕ್ರಿಫೊ ಹೆಸರು ನಿನ್ನ ಪುಸ್ತಕದಲ್ಲಿ ಬಂತೋ, ಹುಟ್ಟು ತಗೊಂಡು ತಲೆ ಒಡೆದುಬಿಡ್ತೀನಿ!" ಎಲ್ಲರೂ ನಕ್ಕಿದ್ದರು. ಈಗ ಯಾರೂ ನಗುತ್ತಿರಲಿಲ್ಲ.

ಅಜ್ಜಿ ಮನೆಯ ಮೆಟ್ಟಿಲ ಮೇಲೆ ಕುಳಿತು ಹುರುಳಿಕಾಯಿಯ ನಾರು ಬಿಡಿಸುತ್ತಿದ್ದಳು. ಎವಾಂಥಿಯಾ ಪಕ್ಕದಲ್ಲೇ ಕುಳಿತಳು. ಕೈ ಸುಮ್ಮನಿರದೆ ತಾನೂ ಒಂದು ಹಿಡಿ ಕಾಯಿ ತೆಗೆದುಕೊಂಡಳು.

"ನಿನ್ನೆ ಸಂಜೆ ಎಲ್ಲಿದ್ದೆ ಅಜ್ಜಿ?"

"ಗಾಳಿ ಎದ್ದಿತ್ತು. ಮಧ್ಯಾಹ್ನಾನೇ ಮೇಲೆ ಬಂದೆ. ಉಂಡೆ, ಮಲಗಿದೆ."

"ನೋಡಿದವರು ಯಾರಾದ್ರೂ ಇದಾರಾ?"

"ನಾನು ಮಲಗೋದನ್ನ ನೋಡ್ತಾ ಇದ್ದವನು ಸತ್ತು ಎಷ್ಟೋ ವರ್ಷ ಆಯ್ತಲ್ಲ ಮಗಳೇ. ಅವನನ್ನ ಕರೆಸ್ತೀಯಾ?"

"ತಮಾಷೆ ಬೇಡ ಅಜ್ಜಿ. ಹುಟ್ಟು ನಿಂದು. ಬೆದರಿಕೆ ನಿಂದು."

"ಬೆದರಿಕೆ ಅಲ್ಲ ಅದು, ಬೈಗುಳ. ನಿನಗೂ ಬೈದಿದೀನಿ, ನಿಮ್ಮಮ್ಮನಿಗೂ ಬೈದಿದೀನಿ. ಇಬ್ಬರೂ ಬದುಕಿಲ್ವಾ?" ಅಜ್ಜಿ ಚಾಕು ಕೆಳಗಿಟ್ಟಳು. "ಶುಕ್ರವಾರ ಊರ ಸಭೆ. ಕ್ರಿಫೊನ ಆ ಹೋಟೆಲ್ ಲಿನಾರ್ದೋಸ್‌ಗೆ ಗುತ್ತಿಗೆ ಕೊಡ್ಬೇಕು ಅಂತ ಮೇಯರ್ ತುದಿಗಾಲಲ್ಲಿ ನಿಂತಿದಾನೆ. ನಾನು ಒಳಗೆ ಹೋದ್ರೆ ನನ್ನ ಗುಡಿಸಲು ಕೀಳೋಕೆ ಅರ್ಧ ಗಂಟೆ ಸಾಕು. ಆಮೇಲೆ ಮರಳಿನ ತುಂಬ ಅವನ ಬಾಡಿಗೆ ಮಂಚಗಳು. ಹೇಳು, ನಾನು ಅಷ್ಟು ದಡ್ಡಿ ಥರ ಕಾಣ್ತೀನಾ?"

*

ಮೇಯರ್ ಥೆಮಿಸ್‌ನ ಕೋಣೆಯಲ್ಲಿ ಲಿನಾರ್ದೋಸ್ ಆಗಲೇ ಕುಳಿತಿದ್ದ. ಬಿಳಿ ಅಂಗಿ, ಬಿಳಿ ಷೂ. ಬಂದರಿನ ಮೇಲಿನ ಹೊಸ ಹೋಟೆಲು ಅವನದು. ಮೇಕೆ ಕಾಯುತ್ತಿದ್ದ ಪಾಂಡೆಲಿಸ್‌ನ ಮಗ. ಹುಡುಗನಾಗಿದ್ದಾಗಲೇ ಅಥೆನ್ಸಿಗೆ ಹೋದವನು, ತಲೆ ನರೆತ ಮೇಲೆ ವಾಪಸು ಬಂದಿದ್ದ. ಮೇಕೆಗಳ ಮಾತೆತ್ತಿದರೆ ಅವನಿಗೆ ಆಗುತ್ತಿರಲಿಲ್ಲ.

"ಇನ್ನೂ ಅರೆಸ್ಟ್ ಮಾಡಿಲ್ವಾ?" ಮೇಯರ್ ಕೇಳಿದ.

"ಇನ್ನೂ ಇಲ್ಲ ಮೇಯರ್ ಸಾಹೇಬ್ರೇ."

"ಇವತ್ತು ನಸುಕಲ್ಲಿ ಗೇಟಿಗೆ ಹಗ್ಗ ಹಾಕಿತ್ತಂತೆ. ಬೆಲ್ಜಿಯಂನವರೇ ಹೇಳಿದಾರೆ. ಹೊರಗಿನವರು ಗೇಟು ಹಾಕಲ್ಲ. ಆ ಸ್ತ್ರಾತಿಸ್ ಒಂದು ದಿನಾನೂ ಹಾಕಿದವನಲ್ಲ. ಅಂದ್ರೆ ಕೊಂದವರು ನಮ್ಮೂರಿನವರೇ. ನಮ್ಮೂರಲ್ಲಿ ಅವನ ತಲೆ ಒಡೀತೀನಿ ಅಂದವರು ಯಾರು?"

ಅದು ನಿಜ. ಲಿಗಾರಿಯಾದಲ್ಲಿ ಹುಟ್ಟಿದವರು ಮನೆಗೆ ಬೆಂಕಿ ಬಿದ್ದು ಓಡುತ್ತಿದ್ದರೂ ಹಿಂದಿರುಗಿ ಗೇಟು ಹಾಕುತ್ತಾರೆ. ಮೇಕೆ ತೋಟಕ್ಕೆ ನುಗ್ಗಿದರೆ ಆ ವರ್ಷದ ದ್ರಾಕ್ಷಾರಸ ಹೋದಂತೆಯೇ. ಕೊಲೆ ಮಾಡಿದ ಕೈ ಕೂಡ ಹಗ್ಗದ ಕುಣಿಕೆಯನ್ನು ಕಂಬಕ್ಕೆ ಹಾಕಿತ್ತು.

"ನೀವೂ ನಮ್ಮೂರಿನವರೇ ಅಲ್ವಾ?" ಎವಾಂಥಿಯಾ ಲಿನಾರ್ದೋಸ್ ಕಡೆ ತಿರುಗಿದಳು.

ಅವನು ನಕ್ಕ. "ಆ ಮೇಕೆ ದಾರೀಲಿ ನಾನು ಕೊನೇ ಸಲ ಕಾಲಿಟ್ಟಿದ್ದು ಮೀಸೆ ಬರೋಕೆ ಮುಂಚೆ. ಕ್ರಿಫೊಗೆ ಹೋಗೋದಾದ್ರೆ ನಾನು ದೋಣೀಲಿ ಹೋಗ್ತೀನಿ. ನಿನ್ನೆ ಆ ಗಾಳೀಲಿ ಯಾವ ದೋಣಿ ಒಳಗೆ ಹೋಗತ್ತೆ, ಹೇಳಮ್ಮ."

ಮೇಯರ್ ಕಾಗದವೊಂದನ್ನು ಮುಂದೆ ತಳ್ಳಿದ. ಗುಡಿಸಲನ್ನು ಮುಚ್ಚಿಸಲು ಪೊಲೀಸರ ಒಪ್ಪಿಗೆ. "ಒಂದು ಸಹಿ. ಅಷ್ಟೇ."

ಎವಾಂಥಿಯಾ ಪೆನ್ನು ತೆಗೆದುಕೊಂಡಳು. ಮುಚ್ಚಳ ಹಾಕಿ ಮೇಯರ್‌ನ ಜೇಬಿಗೇ ಸಿಕ್ಕಿಸಿದಳು.

"ಮಾಡಲ್ಲ."

"ನಾನು ಮೇಲಿನವರಿಗೆ ಫೋನ್ ಮಾಡ್ತೀನಿ."

"ಮಾಡಿ. ನನ್ನನ್ನ ಇದಕ್ಕಿಂತ ಚಿಕ್ಕ ದ್ವೀಪಕ್ಕೆ ಹಾಕೋಕೆ ಅವರಿಗೂ ಆಗಲ್ಲ. ಇದಕ್ಕಿಂತ ಚಿಕ್ಕದು ಇಲ್ಲ."

*

ಹಾಗೆಂದು ಬಂದಳೇ ಹೊರತು ಕೈಯಲ್ಲಿ ಏನೂ ಇರಲಿಲ್ಲ. ಗೇಟಿನ ಹಗ್ಗ ಅಜ್ಜಿಯ ಕೊರಳಿಗೇ ಬಿಗಿಯುತ್ತಿತ್ತು.

ಮರುದಿನ ಬಂದರಿನಲ್ಲಿ ಬೆಲ್ಜಿಯಂ ದಂಪತಿ ಹಡಗಿಗೆ ಕಾಯುತ್ತಿದ್ದರು. ಹೆಂಡತಿ ಮಾರ್ಟೀನ್ ಒಂದೇ ಕಾಲಿಗೆ ಷೂ ಹಾಕಿದ್ದಳು. ಇನ್ನೊಂದು ಕಾಲಿನ ಹೆಬ್ಬೆರಳು ಬದನೆಕಾಯಿಯಂತೆ ಊದಿ ನೀಲಿಯಾಗಿತ್ತು.

"ಏನಾಯ್ತು ಕಾಲಿಗೆ?" ಎವಾಂಥಿಯಾ ಸುಮ್ಮನೆ ಮಾತಿಗೆಂದು ಕೇಳಿದಳು.

"ನಿಮ್ಮ ಆ ಗೇಟು!" ಮಾರ್ಟೀನ್ ಮುಖ ಕಿವಿಚಿದಳು. "ಇನ್ನೂ ನಸುಕು. ಹಗ್ಗ ತೆಗೆದು ಎಳೆದೆ, ಬರಲಿಲ್ಲ. ಕಾಲಲ್ಲಿ ಒದ್ದೆ. ಬುಡದಲ್ಲಿ ಕಲ್ಲಿತ್ತು."

"ಯಾವ ಕಲ್ಲು?"

"ಚಪ್ಪಟೆ ಕಲ್ಲು. ಗೇಟಿಗೆ ಒರಗಿಸಿ ಇಟ್ಟಿದ್ರು. ನಾವು ಬಂದ ಕಡೆ, ಮೇಲಿನ ಕಡೆ. ನಮ್ಮವರು ಎತ್ತಿ ಪಕ್ಕಕ್ಕೆ ಹಾಕಿದ್ರು."

"ನಿನ್ನೆ ಯಾಕೆ ಹೇಳಲಿಲ್ಲ?"

"ಒಬ್ಬ ಮನುಷ್ಯ ಸತ್ತಿದಾನೆ. ಅಲ್ಲಿ ನನ್ನ ಹೆಬ್ಬೆರಳಿನ ಕಥೆ ಹೇಳ್ಲಾ?"

ಹಡಗು ಕೂಗಿತು. ಎವಾಂಥಿಯಾ ಆಗಲೇ ಜೀಪಿನತ್ತ ಓಡುತ್ತಿದ್ದಳು.

*

ಕಲ್ಲು ಗೇಟಿನ ಪಕ್ಕದ ಗೋಡೆಯ ಬುಡದಲ್ಲೇ ಬಿದ್ದಿತ್ತು. ಅಜ್ಜಿಯನ್ನು ಕರೆತಂದು ತೋರಿಸಿದಳು.

"ಇದನ್ನ ಗೇಟಿಗೆ ಇಡ್ತೀಯಾ ಅಜ್ಜಿ?"

"ಯಾವನು ಇಡ್ತಾನೆ ಈಗ? ಮುಂಚೆ ಇಡ್ತಿದ್ವಿ. ಗೇಟಿನ ಕೆಳಗೆ ಸಂದಿತ್ತು. ಮೇಕೆ ಮರಿಗಳು ನುಸುಳಿ ತೋಟಕ್ಕೆ ಬರ್ತಿದ್ವು. ಮೇಲೆ ಹೋಗುವಾಗ ಹಗ್ಗ ಹಾಕಿ, ಕಾಲಲ್ಲಿ ಕಲ್ಲು ತಳ್ಳಿ, ಹಿಮ್ಮಡೀಲಿ ತಟ್ಟಿ ಹೋಗೋದು. ಇಡದಿದ್ರೆ ಮೇಕೆ ಕಾಯ್ತಿದ್ದ ಆ ಪಾಂಡೆಲಿಸ್, ಮಕ್ಕಳು ಅಂತಾನೂ ನೋಡದೆ ಬೆತ್ತದಲ್ಲಿ ಬಾರಿಸ್ತಿದ್ದ." ಅಜ್ಜಿ ಗೇಟಿನ ಬುಡವನ್ನು ಕೋಲಿನಿಂದ ಕುಟ್ಟಿದಳು. ಟಕ್ಕೆಂದಿತು. "ನಮ್ಮೆಜಮಾನ್ರು ಸಾಯೋಕೆ ಮುಂಚೆ ಈ ಹಲಗೆ ಹೊಡೆದ್ರು. ಆಮೇಲೆ ಕಲ್ಲು ಯಾಕೆ?"

ಎವಾಂಥಿಯಾ ಹಲಗೆಯನ್ನು ನೋಡಿದಳು. ಬಿಸಿಲಿಗೆ ಬೂದುಬಣ್ಣಕ್ಕೆ ತಿರುಗಿ ಗೇಟಿನೊಂದಿಗೆ ಒಂದಾಗಿತ್ತು. ದಿನವೂ ಓಡಾಡುವವರಿಗೆ ಅದು ಗೊತ್ತು. ಮುಸ್ಸಂಜೆಯಲ್ಲಿ ಅವಸರದಿಂದ ಬಂದವನ ಕಣ್ಣಿಗೆ ಬೀಳದು.

"ಅಜ್ಜಿ, ನಾಳೆ ಮೇಯರ್ ಮರಳು ಅಳೆಯೋಕೆ ಬರ್ತಾನೆ. ಲಿನಾರ್ದೋಸೂ ಬರ್ತಾನೆ. ಗಾಳಿ ನಿಂತಿಲ್ಲ, ನಡೆದೇ ಬರ್ಬೇಕು. ಅಲ್ಲಿವರೆಗೂ ಬಾಯಿ ಮುಚ್ಕೊಂಡಿರ್ತೀಯಾ?"

"ಕಷ್ಟ," ಅಂದಳು ಅಜ್ಜಿ. "ಆದ್ರೂ ನೋಡೋಣ."

*

ಮೇಯರ್ ಟೇಪು ಹಿಡಿದು ಬಂದ. ಲಿನಾರ್ದೋಸ್ ಬಿಳಿ ಷೂ ನೋಡಿಕೊಳ್ಳುತ್ತ ಬಂದ. ಮರಳಿನ ಮೇಲೆ ಅಳೆಯಲು ಜಾಗವೇ ಇರಲಿಲ್ಲ. ಊರಿನ ಹೆಂಗಸರೆಲ್ಲ ಟವೆಲು ಹಾಸಿ ಕುಳಿತಿದ್ದರು. ಗಾಳಿ ಮರಳನ್ನು ಮುಖಕ್ಕೆರಚುತ್ತಿತ್ತು. ಒಬ್ಬಳೂ ಕದಲಲಿಲ್ಲ.

"ಏಳ್ರಮ್ಮ, ಸರ್ಕಾರಿ ಕೆಲಸ," ಅಂದ ಮೇಯರ್.

"ಸಮುದ್ರ ಸರ್ಕಾರದ್ದಾ?" ಬೇಕರಿಯ ವಸಿಲೋ ಕೂತಲ್ಲಿಂದಲೇ ಕೇಳಿದಳು. "ಹಾಗಾದ್ರೆ ಅಲೆ ನಿಲ್ಸು ನೋಡೋಣ."

"ಕೊಲೆಗಾತಿ ಕಡೆ ನಿಂತಿದೀರಿ ನೀವೆಲ್ಲ," ಲಿನಾರ್ದೋಸ್ ಗೊಣಗಿದ.

ಅಜ್ಜಿ ಎದ್ದಳು. ಎವಾಂಥಿಯಾ ಅವಳ ತೋಳು ಹಿಡಿದಳು. "ಎಲ್ಲರೂ ಮೇಲೆ ನಡೀರಿ. ಚರ್ಚಿನ ಹತ್ತಿರ ಮಾತಾಡೋಣ. ನಾನು ಹೇಳೋದಿದೆ."

ಸಾಲು ಮೇಲೆ ಹತ್ತಿತು. ಎವಾಂಥಿಯಾ ಗೇಟು ದಾಟಿ ನಿಂತು ಒಬ್ಬೊಬ್ಬರನ್ನೇ ಬಿಟ್ಟಳು. ಲಿನಾರ್ದೋಸ್ ಕೊನೆಯವನು. ಕಿವಿಗೆ ಫೋನ್ ಒತ್ತಿಕೊಂಡು ಅಥೆನ್ಸಿನ ಯಾರಿಗೋ ಕಿರುಚುತ್ತಿದ್ದ.

"ಗೇಟು ಹಾಕಿ ಬನ್ನಿ," ಅಂದಳು.

ಅವನು ತಿರುಗಿದ. ಕುಣಿಕೆಯನ್ನು ಕಂಬಕ್ಕೆ ಹಾಕಿದ. ಮಾತು ನಿಲ್ಲಲಿಲ್ಲ. ಬಲಗಾಲು ಗೋಡೆಯ ಬುಡಕ್ಕೆ ಹೋಯಿತು. ಚಪ್ಪಟೆ ಕಲ್ಲನ್ನು ಎಳೆದು ಗೇಟಿನ ಬುಡಕ್ಕೆ ತಳ್ಳಿತು. ಬಿಳಿ ಷೂವಿನ ಹಿಮ್ಮಡಿ ಅದನ್ನು ತಟ್ಟಿತು.

ಮುಂದೆ ಹೋದವರೆಲ್ಲ ತಿರುಗಿ ನಿಂತಿದ್ದರು. ಅದನ್ನು ಕಂಡು ಅವನು ಫೋನ್ ಇಳಿಸಿದ. ಎಲ್ಲರೂ ನೋಡುತ್ತಿದ್ದ ಕಡೆ ತಾನೂ ನೋಡಿದ. ತನ್ನ ಕಾಲನ್ನು.

"ಕಲ್ಲು ಯಾಕೆ ಇಟ್ರಿ?" ಎವಾಂಥಿಯಾ ಕೇಳಿದಳು.

"ಮರಿ... ಮರಿಗಳು ನುಸುಳ್ತವಲ್ಲ..."

"ನುಸುಳಲ್ಲ. ಹಲಗೆ ಹೊಡೆದು ವರ್ಷಗಳಾದ್ವು. ಈ ಊರಲ್ಲಿ ಇರೋರಿಗೆಲ್ಲ ಗೊತ್ತು. ಊರು ಬಿಟ್ಟು ಹೋಗಿದ್ದವರಿಗೆ ಗೊತ್ತಿಲ್ಲ." ಅವಳು ಮೇಯರ್ ಕಡೆ ತಿರುಗಿದಳು. "ಸಾಹೇಬ್ರೇ, ನೀವು ಹೇಳಿದ್ದು ಸರಿ. ಕೊಂದವರು ನಮ್ಮೂರಿನವರೇ. ಆದ್ರೆ ಆ ಬೆಳಗ್ಗೆ ಗೇಟಿಗೆ ಕಲ್ಲೂ ಇತ್ತು. ಬೆಲ್ಜಿಯಂ ಹೆಂಗಸು ಅದನ್ನ ಒದ್ದು ಬೆರಳು ಮುರ್ಕೊಂಡಿದಾಳೆ. ಕಲ್ಲು ಮೇಲಿನ ಕಡೆ ಇತ್ತು, ಅಂದ್ರೆ ಕೊಲ್ಲಿಯಿಂದ ಹತ್ತಿ ಬಂದವನು ಇಟ್ಟಿದ್ದು. ಅಜ್ಜಿ ಇಡಲ್ಲ, ಹಲಗೆ ಅವಳ ಗಂಡಾನೇ ಹೊಡೆದಿದ್ದು. ಹುಟ್ಟನ್ನ ಸಮುದ್ರಕ್ಕೂ ಎಸೆಯಲ್ಲ. ಮೆಲ್ತೇಮಿ ಬೀಸೋವಾಗ ಕ್ರಿಫೊದಲ್ಲಿ ಎಸೆದದ್ದೆಲ್ಲ ವಾಪಸು ಬರತ್ತೆ ಅಂತ ಅವಳಿಗೆ ಗೊತ್ತು. ಅದನ್ನ ಮರೆತವನು ಒಬ್ಬನೇ. ತಲೆ ಮರೆತಿತ್ತು. ಕಾಲು ಮರೆತಿರಲಿಲ್ಲ."

"ಇದೊಂದು ಸಾಕ್ಷೀನಾ?" ಲಿನಾರ್ದೋಸ್ ಕೂಗಿದ. "ಒಂದು ಕಲ್ಲು?"

ವಸಿಲೋ ಮುಂದೆ ಬಂದಳು. "ಅವತ್ತು ಸಂಜೆ ನಿನ್ನ ಕಾರು ಚರ್ಚಿನ ಹಿಂದೆ ನಿಂತಿತ್ತು ಲಿನಾರ್ದೋಸ್. ನಾನು ನೋಡ್ದೆ. ಅಪ್ಪನ ಸಮಾಧಿಗೆ ದೀಪ ಹಚ್ಚೋಕೆ ಬಂದಿದೀಯ ಅಂದ್ಕೊಂಡೆ. ಪರವಾಗಿಲ್ಲ, ಇವನಿಗೂ ಕರುಳಿದೆ ಅಂತ ಖುಷಿಪಟ್ಟೆ ಕಣೋ. ಅದಕ್ಕೇ ಯಾರಿಗೂ ಹೇಳಲಿಲ್ಲ."

ಅವನು ಗೇಟಿಗೆ ಒರಗಿದ. ಹಠ ಮುಗಿದಿತ್ತು.

"ಆ ತೀರ ಗಲೀಜಾಗಿದೆ, ಯಾರೂ ನೋಡ್ಕೊಳ್ತಿಲ್ಲ ಅಂತ ಪುಸ್ತಕದಲ್ಲಿ ಬರಿ ಅಂದೆ ಸ್ತ್ರಾತಿಸ್‌ಗೆ. ಅಷ್ಟೇ ಕೇಳಿದ್ದು. ಹೂಂ ಅಂದಿದ್ದ. ಮೂರು ದಿನ ಇಲ್ಲಿ ಕೂತು ಅವಳ ಕಾಫಿ ಕುಡಿದ, ಬೈಸ್ಕೊಂಡ. ಆಮೇಲೆ ಬರೆಯಲ್ಲ ಅಂದ. ಕ್ರಿಫೊ ಹೆಸರೇ ಹಾಕಲ್ಲ, ನೀನು ಕೇಳಿದ್ದನ್ನ ಶುಕ್ರವಾರ ಸಭೇಲಿ ಹೇಳ್ತೀನಿ ಅಂದ. ನನ್ನ ಕಡೆ ಬೆನ್ನು ಹಾಕಿ ನಕ್ಕ."

ಅರ್ಗಿರೋ ಅಜ್ಜಿ ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡಳು. "ಹಾಕಲ್ಲ ಅಂದಿದ್ನಾ? ಪಾಪಿ ಮುಂಡೇದು, ನನಗೆ ಒಂದು ಮಾತು ಹೇಳಬಾರದಿತ್ತಾ?"

ಮೇಯರ್ ಟೇಪನ್ನು ಸದ್ದಿಲ್ಲದೆ ಜೇಬಿಗಿಳಿಸುತ್ತಿದ್ದ.

"ಅದನ್ನ ಕೈಯಲ್ಲೇ ಇಟ್ಕೋ," ಅಜ್ಜಿ ಕಣ್ಣೊರೆಸಿಕೊಂಡು ಅವನತ್ತ ತಿರುಗಿದಳು. "ಶುಕ್ರವಾರ ಸಭೆಗೆ ನಾವೆಲ್ಲ ಬರ್ತೀವಿ. ಕುರ್ಚಿ ಎಷ್ಟು ಬೇಕು ಅಂತ ಅಳೆದಿಡು."

ಎವಾಂಥಿಯಾ ಲಿನಾರ್ದೋಸ್‌ಗೆ ಬೇಡಿ ಹಾಕಿದಳು. ಚರ್ಚಿನತ್ತ ನಡೆಸಿದಳು. ಹಿಂದೆ ಅಜ್ಜಿ ಕಲ್ಲನ್ನು ಕೋಲಿನಿಂದ ಸರಿಸಿ ಗೇಟು ತೆರೆದಳು. ಹೆಂಗಸರು ಟವೆಲು ಹೆಗಲಿಗೆ ಹಾಕಿಕೊಂಡು, ಒಬ್ಬರ ಹಿಂದೊಬ್ಬರು, ಮತ್ತೆ ಕೊಲ್ಲಿಗೆ ಇಳಿಯತೊಡಗಿದರು. ಗೇಟು ಗಾಳಿಗೆ ಹೊಡೆದುಕೊಳ್ಳುತ್ತಿತ್ತು. ಮೇಲಿನ ಇಳಿಜಾರಿನಲ್ಲಿ ಮೇಕೆಗಳು ತಲೆಯೆತ್ತಿದವು.

ತಿರುವಿನಲ್ಲಿ ಲಿನಾರ್ದೋಸ್ ತಡೆಯಲಾರದೆ ನಿಂತ. ಹಿಂದಿರುಗಿ ಕೂಗಿದ.

"ಗೇಟು! ಗೇಟು ತೆಗೆದೇ ಇದೆ ಕಣ್ರೇ!"

"ನೀನು ನಡಿ," ಅಜ್ಜಿ ಕೆಳಗಿನಿಂದ ಕೂಗಿದಳು. "ನೀನು ಹೋದ ಮೇಲೆ ನಾವೇ ಹಾಕ್ಕೋತೀವಿ."