ಕೊನೆಗಿಡುವ ಕಣ್ಣು

ನಂಬಿ ಎನ್ನಲು ನನಗೇ ಧೈರ್ಯವಿಲ್ಲ, ನಡೆದದ್ದನ್ನಷ್ಟೇ ಬರೆಯುತ್ತೇನೆ. ಸಂಜೆ ತರಗತಿಯಲ್ಲಿ ಚಿತ್ರ ಕಲಿತವಳು ನಾನು. ಹಳೆಯ ಪಕ್ಷಿಚಿತ್ರಗಳನ್ನು ನೋಡಿ, ಮನೆಗಳಿಗೆ ಅಂಥದ್ದೇ ಬರೆದುಕೊಡುತ್ತೇನೆ. ಹಕ್ಕಿಯ ಕಣ್ಣನ್ನು ಎಲ್ಲದರ ಕೊನೆಗೆ ಇಡಬೇಕೆಂಬುದು ನಮ್ಮ ಮೇಷ್ಟರ ಪಾಠ.

ಗಾಳಿಬೀಡಿನ ಮಹಾದೇವಮ್ಮನವರ ಗೃಹಪ್ರವೇಶಕ್ಕೆ ನೀಲಿ ಸಿಳ್ಳೆಹಕ್ಕಿಯ ಚಿತ್ರ ಕಳಿಸಿದ ಮೇಲೆ ಕಳಿಸುವ ಮುನ್ನ ಮೊಬೈಲಿನಲ್ಲಿ ತೆಗೆದಿದ್ದ ಅದರ ಫೋಟೋ ನೋಡಿದೆ. ಕಣ್ಣಿನ ಜಾಗ ಖಾಲಿಯಿತ್ತು. ಹೊಸ ಮನೆಗೆ ಕುರುಡು ಹಕ್ಕಿ ಕೊಟ್ಟೆನಲ್ಲ! ಬೆಳಿಗ್ಗೆಯೇ ಕುಂಚ, ಬಣ್ಣ ಹಿಡಿದು ಓಡಿದೆ.

ಅಲ್ಲಿ ಹಾಲು ಉಕ್ಕಿ, ಮನೆ ತುಂಬ ನಗು.

"ಬಾರವ್ವ ವಿನುತಾ. ನಿನ್ನ ಹಕ್ಕಿ ಬೆಳಗಿಂದ ಬಾಯಿ ಮುಚ್ಚಿಲ್ಲ. ನಮ್ಮನೆಯವರಿಗಿಂತ ಚೆಂದ ಸಿಳ್ಳೆ ಹೊಡೀತದೆ," ಎಂದರು ಮಹಾದೇವಮ್ಮ.

ತಮಾಷೆ ಎಂದುಕೊಂಡೆ. "ಅಮ್ಮ, ಅದಕ್ಕೆ ನಾನು ಕಣ್ಣೇ ಇಟ್ಟಿಲ್ಲ."

"ನಿಂಗೇ ಕಣ್ಣು ಕಾಣಲ್ಲ ಬಿಡು," ಎಂದು ನಗುತ್ತಾ ಹಾಲ್‌ಗೆ ಎಳೆದೊಯ್ದರು.

ಬೆಳಗಿನ ಚಳಿಯಲ್ಲೂ ಚಿತ್ರದ ಸುತ್ತಲಿನ ಗೋಡೆ ಬೆಚ್ಚಗಿತ್ತು. ಹಕ್ಕಿಗೆ ಕಣ್ಣಿತ್ತು, ನನ್ನ ಕೈಯಿಂದ ಎಂದೂ ಬಾರದಷ್ಟು ಚೆಂದದ ಕಣ್ಣು. ಮುಟ್ಟಿದೆ; ಬೆರಳು ಕಪ್ಪಾಯಿತು. ಊಟಕ್ಕೆ ಕೂತಾಗ ಹಾಲ್‌ನಿಂದ ಸಿಳ್ಳೆ ಕೇಳಿಸಿತು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆಮೇಲೆ ಎರಡು ಯುಗಾದಿ ಕಳೆದಿವೆ. ಹೋದಾಗಲೆಲ್ಲ ಮುಟ್ಟಿ ನೋಡುತ್ತೇನೆ. ಆ ಕಣ್ಣು ಇನ್ನೂ ಒಣಗಿಲ್ಲ.