ಗೆಲ್ಲಲೆಂದು ಹಾರೈಸಿದ ಅಂಪೈರ್

"ಔಟ್!"

ಅಂಪೈರ್ ಶಾಂಭವಿಯ ಸೀಟಿ ನಿಲಂಗಾದ ಕಬಡ್ಡಿ ಮೈದಾನವನ್ನೇ ಸೀಳಿತು.

ಉಮರ್ಗಾ ತಂಡದ ರೈಡರ್ ವೈಜನಾಥ ಬೆವರು ಸುರಿಸುತ್ತ ಬಂದು ಅವಳೆದುರು ನಿಂತ. ಕಣ್ಣಲ್ಲಿ ಕಿಡಿ!

"ಎಲ್ಲಿ ಗೆರಿ ತುಳಿದೀನ್ರೀ ಮೇಡಂ?"

"ಎಡಗಾಲಿನ ಹಿಮ್ಮಡಿ. ಹೊರಗ ನಡೀರಿ."

"ಉದಗೀರ ದವಾಖಾನಿಗಿ ಹೋಗಿ ಕಣ್ಣ ತೋರಸ್ಕೊಳ್ರಿ!"

ಜನ ಗೊಳ್ಳೆಂದು ನಕ್ಕರು. ಶಾಂಭವಿ ಕದಲಲಿಲ್ಲ.

ಸಂಜೆ ಚಹಾದಂಗಡಿಯ ಮುಂದೆ ಅವನೇ ತಲೆ ತಗ್ಗಿಸಿ ಬಂದ. "ತುಳಿದಿದ್ದೆ ರೀ... ವಿಡಿಯೋ ನೋಡ್ದೆ. ಕಣ್ಣ ನಾನ ತೋರಸ್ಕೋಬೇಕು."

ಅವಳಿಗೆ ನಗು ತಡೆಯಲಾಗಲಿಲ್ಲ. ಆ ನಗುವೇ ಮುಂದಿನ ತಳಮಳಕ್ಕೆಲ್ಲ ಮೂಲವಾಯಿತು.

ಲೀಗ್‌ನ ಮೂರು ತಿಂಗಳೂ ಊರೂರಿನ ಮೈದಾನದಲ್ಲಿ ಭೇಟಿ. "ನಿಮ್ಮ ವಲಾಂಡಿ ಊರಿನ ಬಸ್ ಸಿಕ್ತೇನ್ರೀ? ಊಟಾ ಆತೇನು?" ಇಷ್ಟೇ ಅವನ ಮಾತು. ಆಟದ ಮಾತು ಒಂದು ದಿನವೂ ಎತ್ತಲಿಲ್ಲ.

ಲೋಹಾರಾದ ಸೆಮಿಫೈನಲ್‌ನಲ್ಲಿ ಕೊನೆಯ ರೈಡು ಅವನದೇ. ಬೋನಸ್ ಗೆರೆ ದಾಟಿದನೆಂದು ಶಾಂಭವಿ ಕೈ ಎತ್ತಿದಳು. ಆ ಒಂದು ಪಾಯಿಂಟಿನಿಂದ ಉಮರ್ಗಾ ಗೆದ್ದಿತು.

ಮರುದಿನದಿಂದ ಅವಳಿಗೆ ನೆಮ್ಮದಿಯಿಲ್ಲ. ಹನ್ನೊಂದು ಸಲ ವಿಡಿಯೋ ನೋಡಿದಳು. ಕಾಲು ಗೆರೆ ದಾಟಿತ್ತು, ನಿರ್ಣಯ ಸರಿಯೇ ಇತ್ತು. ಆದರೆ...

'ಕೈ ಎತ್ತುವ ಮೊದಲೇ ನನ್ನ ಎದೆ, ಅವನು ದಾಟಲಿ ಎಂದು ಹಾರೈಸಿತ್ತಲ್ಲ! ನಾಳೆ ಕಣ್ಣು ಎದೆಯ ಮಾತು ಕೇಳಿದರೆ?'

ಉದಗೀರದ ಫೈನಲ್‌ಗೆ ಅವಳೇ ಮುಖ್ಯ ಅಂಪೈರ್ ಎಂದು ಲೀಗ್ ಕಮಿಟಿಯ ಪತ್ರ ಬಂತು. ಆರು ವರ್ಷ ಕಾದ ಕನಸು! ಅವ್ವ ಚಂದ್ರಭಾಗಾ ಓಣಿಗೆಲ್ಲ ಪೇಢೆ ಹಂಚಿದಳು.

ಪತ್ರದ ಜೊತೆ ಒಂದು ಫಾರ್ಮ್. 'ಆಟಗಾರರಲ್ಲಿ ಯಾರೊಂದಿಗಾದರೂ ಸಂಬಂಧವಿದೆಯೇ?'

'ಇಲ್ಲ' ಎಂದು ಬರೆದಳು. ಹೊಡೆದು ಹಾಕಿದಳು. ಮದುವೆ ನಿಶ್ಚಯವಾಗಿಲ್ಲ, ಪ್ರೀತಿಯ ಒಂದು ಮಾತೂ ಆಡಿಲ್ಲ, ಎಂಥ ಸಂಬಂಧ? ಯಾರಿಗೂ ತಿಳಿಯದು... ತನ್ನೊಬ್ಬಳನ್ನು ಬಿಟ್ಟು!

ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟಳು. ಫೈನಲ್ ಕೈತಪ್ಪಿತು.

ಆಟಕ್ಕೆ ಎರಡು ತಾಸು ಮೊದಲು, ಖಾಲಿ ಗ್ಯಾಲರಿಯಲ್ಲಿ ಕುಳಿತಿದ್ದ ಅವಳ ಬಳಿ ವೈಜನಾಥ ಧಾವಿಸಿ ಬಂದ.

"ನನ್ನ ಹೆಸರ ಬರದಕೊಟ್ಟು ಫೈನಲ್ ಬಿಟ್ಟೀರಂತ. ನಮ್ಮ ಮ್ಯಾನೇಜರ್ ಬಾಲಾಜಿಕಾಕಾ ಹೇಳಿದ್ರು. ನಾ ಆಟ ಮಾರ್ಕೊಳ್ಳಾಂವ ಅಂತ ತಿಳಿದೀರೇನು? ಒಂದ ದಿನಾರ ಪಾಯಿಂಟ್ ಕೇಳೀನೇನ್ರೀ ನಿಮಗ?"

"ಕೇಳಿದ್ರ ಚಲೋ ಇತ್ತು."

"ಅಂದ್ರ?"

"ನಿಮ್ಮ ಮ್ಯಾಲ ಸಿಟ್ಟಾರ ಬರ್ತಿತ್ತು!" ಅವಳು ಅವನತ್ತ ತಿರುಗಿದಳು. "ಸಂಶಯ ನಿಮ್ಮ ಮ್ಯಾಲಲ್ಲ ರೀ... ನನ್ನ ಮ್ಯಾಲ."

"ಏನ ಬರದೀರಿ ಹಂಗಾದ್ರ?"

"'ಇವರ ಮೇಲೆ ನನಗೆ ಮನಸ್ಸಿದೆ. ಅವರಿಗೆ ಗೊತ್ತಿಲ್ಲ' ಅಂತ."

ವೈಜನಾಥ ಮೆಟ್ಟಿಲ ಮೇಲೆ ದೊಪ್ಪನೆ ಕುಳಿತ.

"ಅಯ್ಯಯ್ಯ... ಕಮಿಟಿಯ ಐದೂ ಮಂದಿಗಿ ಗೊತ್ತಾಗಿ, ಕಡೀಕ ನನಗ ಗೊತ್ತಾತಲ್ರೀ!"

ಶಾಂಭವಿ ಮುಖ ಮುಚ್ಚಿಕೊಂಡಳು. ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ.

"ನಾನೂ ಹೇಳಾಂವಿದ್ದೆ," ಅವನು ಮೆಲ್ಲಗೆ ಅಂದ. "ಫೈನಲ್ ಮುಗೀಲಿ ಅಂತ ತಡದೀನಿ. ಪಾಯಿಂಟಿಗಾಗಿ ಹೇಳ್ಯಾನ ಅಂತ ನಿಮಗ ಅನಸಬಾರ್ದಲ್ಲ..."

ಕೆಳಗೆ ಆಟಗಾರರನ್ನು ತಾಲೀಮಿಗೆ ಕರೆಯುವ ಮೈಕು ಗುಡುಗಿತು. ಅವನು ಏಳಲಿಲ್ಲ.

"ಇನ್ ಮುಂದ ನನ್ನ ಯಾವ ಮ್ಯಾಚಿಗೂ ನೀವು ಅಂಪೈರ್ ಆಗಿ ನಿಲ್ಲಂಗಿಲ್ಲ, ಹೌದಿಲ್ಲೋ?"

"ಎಂದೂ ನಿಲ್ಲಂಗಿಲ್ಲ."

"ನೋವಾಗ್ತದೇನು?"

"ಭಾಳ." ಅವಳು ಕಣ್ಣೊರೆಸಿಕೊಂಡಳು. "ಆದ್ರ ಒಂದ್ ಕೇಳ್ಲಿ? ನೀ ಗೆಲ್ಲಬೇಕಂತ... ಇವತ್ತ ಚೀರಬಹುದೇನು?"

"ಗಂಟಲ ಹರಿಯೂತನ ಚೀರು, ಶಾಂಭವಿ."